ಅಂಚೆ ಸಂಖ್ಯೆಯ ಹೊಟ್ಟೆಯೊಳಗೆ

ಮಕ್ಕಳೇ, ಲಿಂಗದಹಳ್ಳಿ ಗೊತ್ತಲ್ಲ? ತರೀಕೆರೆ ಕಡೆಯಿಂದ ಕೆಮ್ಮಣ್ಣುಗುಂಡಿಗೆ ಹೊರಟವರು ದಾಟಿ ಹೋಗುವ ಊರು. ಅಲ್ಲಿಗೆ ಕಾಗದ ಬರೆದರೆ ವಿಳಾಸದ ಕೊನೆಗೆ 577129 ಎಂದು ಹಾಕಬೇಕು. ಈ ಪಿನ್ ಕೋಡ್ ಪದ್ಧತಿ ಶುರುವಾದದ್ದು 1972ರ ಆಗಸ್ಟ್ 15ರಂದು. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ ಅವರು ಸಂಸ್ಕೃತ ಕವಿಯೂ ಹೌದು. ಕಾಗದ ಊರು ಸೇರಿದರೆ ಅಂಚೆಯಣ್ಣನಿಗೆ ಸಾಕು. ನಮಗೆ ಸಾಲದು, ಸಂಖ್ಯೆಯನ್ನು ಒಡೆದು ನೋಡೋಣ.

ಇದು 7ರಿಂದ ಭಾಗವಾಗುತ್ತದೆಯೇ? ಉದ್ದ ಭಾಗಾಕಾರ ಬೇಡ. ಸಂಖ್ಯೆಯನ್ನು ನಡುವೆ ಕತ್ತರಿಸಿ: 577 ಮತ್ತು 129. ದೊಡ್ಡದರಲ್ಲಿ ಚಿಕ್ಕದನ್ನು ಕಳೆದರೆ 448. ಅದು ಏಳರವತ್ನಾಲ್ಕು! ಹಾಗಾದರೆ 577129 ಕೂಡ 7ರಿಂದ ಭಾಗವಾಗಲೇಬೇಕು.

ಇದು ಮಾಟವಲ್ಲ. 577ನ್ನು 1001ರಿಂದ ಗುಣಿಸಿ ನೋಡಿ, 577577 ಬರುತ್ತದೆ. ಅದರಿಂದ 448 ಕಳೆದರೆ ನಮ್ಮ 577129. ಗುಟ್ಟು ಇರುವುದು 1001ರಲ್ಲಿ: ಅದು 7, 11, 13 ಈ ಮೂರರ ಗುಣಲಬ್ಧ. ಆದ್ದರಿಂದ ಉಳಿದ 448 ಮಾತ್ರ ಪರೀಕ್ಷಿಸಿದರೆ ಮೂರಕ್ಕೂ ಉತ್ತರ ಸಿಕ್ಕಿತು. 448ಕ್ಕೆ 11 ಹತ್ತುವುದಿಲ್ಲ, 13 ಕೂಡ ಇಲ್ಲ. ಪೂರ್ತಿ ಒಡೆದರೆ ಲಿಂಗದಹಳ್ಳಿ ಎಂದರೆ 7 × 29 × 2843.

ಈಗ ಅಜ್ಜಂಪುರಕ್ಕೆ ಹೋಗೋಣ, 577547. ಕತ್ತರಿಸಿ ಕಳೆದರೆ 30. ಏಳೂ ಇಲ್ಲ, ಹನ್ನೊಂದೂ ಇಲ್ಲ, ಹದಿಮೂರೂ ಇಲ್ಲ. ಅಂಕಿಗಳನ್ನು ಕೂಡಿದರೆ 35, ಆದ್ದರಿಂದ 3 ಕೂಡ ಇಲ್ಲ. ಹೀಗೇ 17, 19, 23 ಎಂದು ಒಂದೊಂದೇ ಅವಿಭಾಜ್ಯ ಸಂಖ್ಯೆ ಹಿಡಿದು ಭಾಗಿಸುತ್ತಾ ಹೋದೆ. ಎಲ್ಲಿ ನಿಲ್ಲಿಸಬೇಕು? 760ನ್ನು 760ರಿಂದಲೇ ಗುಣಿಸಿದರೆ 577600, ನಮ್ಮ ಸಂಖ್ಯೆಗಿಂತ ದೊಡ್ಡದು. ಅದು ಎರಡು ತುಂಡಾಗುವುದಾದರೆ ಚಿಕ್ಕ ತುಂಡು 760ಕ್ಕಿಂತ ಕಡಿಮೆ ಇರಲೇಬೇಕು. ಆದ್ದರಿಂದ 757ಕ್ಕೆ ಸಾಕು. ಅಲ್ಲಿಗೆ 134 ಅವಿಭಾಜ್ಯಗಳು. ಪೆನ್ಸಿಲ್ ಮೊಂಡಾಯಿತು, ಒಂದೂ ಹತ್ತಲಿಲ್ಲ. ಅಜ್ಜಂಪುರ ಅವಿಭಾಜ್ಯ! ಒಂದು ಮತ್ತು ತಾನು, ಬೇರೆ ಯಾರಿಗೂ ಬಗ್ಗದ ಸಂಖ್ಯೆ.

ತಮಾಷೆ ಏನು ಗೊತ್ತೆ? ಅದಕ್ಕೆ ಬರೀ ಒಂದು ಕೂಡಿಸಿದರೆ 577548, ಅದು ಕಡೂರು. ಅಂಕಿಗಳ ಮೊತ್ತ 36, ಆದ್ದರಿಂದ 9ರಿಂದ ಸಲೀಸಾಗಿ ಭಾಗವಾಗುತ್ತದೆ. ಒಡೆದರೆ 4 × 9 × 61 × 263. ಪಕ್ಕಪಕ್ಕದ ಎರಡು ಸಂಖ್ಯೆ, ಒಂದು ಕಲ್ಲುಗುಂಡು, ಇನ್ನೊಂದು ಕಡಲೆಮಿಠಾಯಿ. ನನಗೆ ಕಲ್ಲುಗುಂಡೇ ಇಷ್ಟ.

ಬೀರೂರನ್ನು ನಿಮಗೆ ಬಿಟ್ಟಿದ್ದೇನೆ: 577116. ಅದರೊಳಗಿನ ಅತಿ ದೊಡ್ಡ ಅವಿಭಾಜ್ಯ 41. ಉಳಿದವನ್ನು ನೀವೇ ಹುಡುಕಿ.