ಅಲ್ಲಾಡದ ಬೆಟ್ಟ, ಅಲ್ಲಾಡದ ಮನಸ್ಸು

ಆಟದ ನಡುವೆ ಗೆಳತಿ ‘ಸ್ಟ್ಯಾಚ್ಯೂ!’ ಅಂದುಬಿಟ್ಟರೆ ಮುಗಿಯಿತು. ಎತ್ತಿದ ಕಾಲು ಎತ್ತಿದ ಹಾಗೇ, ತೆರೆದ ಬಾಯಿ ತೆರೆದ ಹಾಗೇ ನಿಲ್ಲಬೇಕು. ಆಗ ನೀವು ‘ಅಚಲ’. ಚಲ ಎಂದರೆ ಚಲಿಸುವಂಥದ್ದು. ಮುಂದೊಂದು ‘ಅ’ ಸೇರಿದರೆ ಚಲಿಸದ್ದು. ಸಂಸ್ಕೃತದಿಂದ ಬಂದ ಈ ಪದಕ್ಕೆ ಬೆಟ್ಟ ಎಂಬ ಅರ್ಥವೂ ಇದೆ. ಹಿಮದ ಬೆಟ್ಟ ಹಿಮಾಚಲ, ವಿಂಧ್ಯ ಬೆಟ್ಟ ವಿಂಧ್ಯಾಚಲ. ಏನೇ ಬಂದರೂ ಕದಡದ ಮನಸ್ಸು ಅಚಲ ಮನಸ್ಸು. (ಹಟ ಹಿಡಿಯುವ ‘ಛಲ’ವೇ ಬೇರೆ, ಅದನ್ನು ಬರೆಯಲು ‘ಚ’ ಅಕ್ಷರದ ಹೊಟ್ಟೆ ಸೀಳಬೇಕು!)

ಆದರೆ ಬೆಟ್ಟ ನಿಜವಾಗಿ ಅಚಲವೇ? ನಮ್ಮ ದೇಶವನ್ನು ಹೊತ್ತ ಬಂಡೆಯ ದೊಡ್ಡ ಹಾಸು, ಅಂದರೆ ಭೂಫಲಕ, ವರ್ಷಕ್ಕೆ ಸುಮಾರು 5 ಸೆಂಟಿಮೀಟರಿನಂತೆ ಉತ್ತರದ ಕಡೆ ಸರಿಯುತ್ತಿದೆ. ಹೆಚ್ಚುಕಡಿಮೆ ನಿಮ್ಮ ಕೈಯುಗುರು ಬೆಳೆಯುವ ವೇಗ. ಅದು ಏಷ್ಯಾದ ಫಲಕವನ್ನು ಒತ್ತಿ ಒತ್ತಿ, ನೆಲ ಮಡಿಕೆಯಾಗಿ ಮೇಲೆದ್ದದ್ದೇ ಹಿಮಾಲಯ. ಇಂದಿಗೂ ಏಳುತ್ತಲೇ ಇದೆ. ನಿಮ್ಮ ಮನೆ, ಶಾಲೆ, ಹುಣಸೆಮರ ಎಲ್ಲವೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡುತ್ತಿವೆ.

ಸ್ಟ್ಯಾಚ್ಯೂ ಆದ ನೀವೂ ಅಷ್ಟೆ. ನೆಟ್ಟಗೆ ನಿಂತಾಗಲೂ ಮೈ ಚೂರು ಹಿಂದೆ ಮುಂದೆ ತೂಗುತ್ತಿರುತ್ತದೆ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಬಾಗಿದ ನಾಳಗಳಿವೆ. ತಲೆ ಎತ್ತ ತಿರುಗಿತು ಎಂಬ ಸುದ್ದಿಯನ್ನು ಅವು ಮಿದುಳಿಗೆ ಮುಟ್ಟಿಸುತ್ತವೆ. ಕಣ್ಣು, ಅಂಗಾಲುಗಳೂ ವರದಿ ಕಳಿಸುತ್ತವೆ. ಮಿದುಳು ಈ ಸ್ನಾಯು ಬಿಗಿ ಮಾಡು, ಆ ಸ್ನಾಯು ಸಡಿಲ ಬಿಡು ಎನ್ನುತ್ತಲೇ ಇರುತ್ತದೆ. ಕಣ್ಣು ಮುಚ್ಚಿ ಒಂಟಿಕಾಲಲ್ಲಿ ನಿಂತು ನೋಡಿ, ಪಾದದ ಪರದಾಟ ತಿಳಿಯುತ್ತದೆ. ಪಕ್ಕದಲ್ಲಿ ಗೋಡೆಯಿರಲಿ.

ಇನ್ನು ಮನಸ್ಸು. ಬೀದಿನಾಯಿ ತಟ್ಟನೆ ಬೊಗಳಿದರೆ, ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಗ್ರಂಥಿಗಳು ಅಡ್ರಿನಲಿನ್ ಸುರಿಸುತ್ತವೆ. ಎದೆ ಡವಡವ! ಎಂಥ ಗಟ್ಟಿ ಮನಸ್ಸಿನವರಿಗೂ ಇದು ತಪ್ಪಿದ್ದಲ್ಲ. ಆಮೇಲೆ ಎದೆಬಡಿತವನ್ನು ತಗ್ಗಿಸಲು ಮಿದುಳಿನಿಂದ ಹೃದಯಕ್ಕೆ ಇಳಿಯುವ ನರವೊಂದಿದೆ. ಅದರ ಹೆಸರು ವೇಗಸ್. ತಮಾಷೆ ನೋಡಿ, ಹೆಸರಲ್ಲೇ ವೇಗವಿದ್ದರೂ ಕೆಲಸ ಬ್ರೇಕಿನದು!

ಈ ಬ್ರೇಕು ಉಸಿರು ಬಿಡುವಾಗ ಬಿಗಿಯಾಗುತ್ತದೆ, ಎಳೆದುಕೊಳ್ಳುವಾಗ ಸಡಿಲವಾಗುತ್ತದೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಾಡಿ ಹಿಡಿಯಿರಿ. ಉಸಿರೆಳೆದಾಗ ಬಡಿತಗಳು ಹತ್ತಿರ ಹತ್ತಿರ, ನಿಧಾನ ಬಿಟ್ಟಾಗ ದೂರ ದೂರ. ಶಾಂತವಾಗಿ ಕೂತಿದ್ದಾಗಲೂ ನಾಡಿ ಗಡಿಯಾರದಂತೆ ಟಿಕ್ ಟಿಕ್ ಅನ್ನುವುದಿಲ್ಲ. ಈ ಏರಿಳಿತ ದೊಡ್ಡವರಿಗಿಂತ ಮಕ್ಕಳಲ್ಲೇ ಚೆನ್ನಾಗಿ ಗೊತ್ತಾಗುತ್ತದೆ. ಬೇಕಿದ್ದರೆ ಅಜ್ಜನ ನಾಡಿಯನ್ನೂ ಹಿಡಿದು ನೋಡಿ.