ಎದುರು ಮಾತು
(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತುಗಳು)



ನಮ್ಮ ಕೇರಿಯಲ್ಲಿ ಮಗು ಮಾತು ಕಲಿಯುವ ಮೊದಲೇ ಒಂದು ಮಾತು ಅದರ ಕಿವಿಗೆ ಬೀಳುತ್ತದೆ: "ಎದುರು ಮಾತಾಡಬ್ಯಾಡ." ಕೂಲಿಯಲ್ಲಿ ಎರಡು ಸೇರು ಕಡಿಮೆ ಅಳೆದರೂ ನಮ್ಮಪ್ಪಂದಿರು ಕೇಳಲಿಲ್ಲ. ಲೆಕ್ಕ ಬರದೆ ಅಲ್ಲ, ಲೆಕ್ಕ ಅವರ ಬೆರಳ ತುದೀಲೇ ಇತ್ತು. ಕೇಳಿದರೆ "ಏನ್ಲಾ, ನನಗೇ ಎದುರು ಮಾತಾಡ್ತೀಯಾ?" ಅನ್ನೋ ಉತ್ತರ ಸಿದ್ಧವಾಗಿತ್ತು. ಅಳತೆ ಸರಿಯೋ ತಪ್ಪೋ ಅನ್ನೋದು ಅಲ್ಲಿಗೆ ಮುಗೀತು. ಕೇಳಿದ್ದೇ ಅಪರಾಧ.

ಆದ್ದರಿಂದ ವಾದ ಅಂದರೆ ನಮಗೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲ, ಬೆಳ್ಳಿ ಬಟ್ಟಲು ಗೆಲ್ಲುವ ಆಟವಲ್ಲ. ಸಾವಿರಾರು ವರ್ಷ ನಮ್ಮಿಂದ ನೀರು, ನೆಲ, ಅಕ್ಷರ ಕಿತ್ತುಕೊಂಡವರು ಅವುಗಳ ಜೊತೆಗೇ ಪ್ರಶ್ನೆ ಕೇಳುವ ಹಕ್ಕನ್ನೂ ಕಿತ್ತುಕೊಂಡರು. ಅದು ವಾಪಸು ಬಂದದ್ದು ಹೇಗೆ? ಇವತ್ತು ಒಂದು ಕೆರೆಯ ಕತೆ ಹೇಳಿ ಅದನ್ನು ವಿವರಿಸುತ್ತೇವೆ.

ಮಹಾರಾಷ್ಟ್ರದ ಕೊಂಕಣದಲ್ಲಿ ಮಹಾಡ್ ಅನ್ನೋ ಊರು. ಅಲ್ಲಿ ಚವದಾರ್ ಕೆರೆ. 1923ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಎಸ್.ಕೆ. ಬೋಲೆಯವರ ಠರಾವು ಪಾಸಾಯಿತು. ಸಾರ್ವಜನಿಕ ಕೆರೆ, ಬಾವಿ, ಶಾಲೆಗಳು ಅಸ್ಪೃಶ್ಯರಿಗೂ ಮುಕ್ತ ಅಂತ. 1924ರಲ್ಲಿ ಮಹಾಡಿನ ಪುರಸಭೆಯೂ ಕೆರೆಯನ್ನು ಎಲ್ಲರಿಗೂ ತೆರೆದಿದ್ದೇವೆ ಅಂತ ಠರಾವು ಬರೆಯಿತು. ಕಾಗದದಲ್ಲಿ ಕೆರೆ ತೆರೆಯಿತು, ನೀರು ಮಾತ್ರ ನಮ್ಮ ಜನಕ್ಕೆ ಸಿಗಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಮೇಲ್ಜಾತಿಯವರು ನಮ್ಮ ಜನರನ್ನು ಬಡಿದರು. ಆಮೇಲೆ ಗಂಜಲ, ಸಗಣಿ ಸುರಿದು ಕೆರೆಯನ್ನು 'ಶುದ್ಧ' ಮಾಡಿದರು. ಮನುಷ್ಯ ಮುಟ್ಟಿದರೆ ಮೈಲಿಗೆ, ಸಗಣಿ ಬಿದ್ದರೆ ಮಡಿ!

ಇಷ್ಟು ನಮಗೆಲ್ಲ ಗೊತ್ತು. ಇದರ ಮುಂದಿನದನ್ನು ನಮ್ಮ ಭಾಷಣಗಳಲ್ಲಿ ನಾವು ಹೇಳೋದು ಕಡಿಮೆ.

ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಸತ್ಯಾಗ್ರಹಕ್ಕೆ ಕರೆ ಹೋಯಿತು. ಮೇಲ್ಜಾತಿಯವರು ಕೋರ್ಟಿಗೆ ಓಡಿದರು. ಕೆರೆ ಖಾಸಗಿ, ಅನಾದಿ ಕಾಲದಿಂದ ಸವರ್ಣೀಯರು ಮಾತ್ರ ಬಳಸುವ ರೂಢಿ ಇದೆ ಅಂತ ದಾವೆ ಹಾಕಿ ತಡೆಯಾಜ್ಞೆ ತಂದರು. ಸಾವಿರಾರು ಜನ ಆಗಲೇ ಮಹಾಡ್ ಸೇರುತ್ತಿದ್ದರು. ಡಿಸೆಂಬರ್ 25ರ ರಾತ್ರಿ ಮನುಸ್ಮೃತಿಯನ್ನು ಸುಟ್ಟರು. ಆದರೆ ಕೆರೆಗೆ ಇಳಿಯೋದೋ ಬೇಡವೋ? ಸಭೆಯಲ್ಲಿ ಪರ ವಿರೋಧ ಮಾತುಗಳಾದವು. ಜೈಲಿಗೆ ಹೋಗಲು ತಯಾರಾಗಿ ಬಂದಿದ್ದ ಜನ ಅವರು. ಕೊನೆಗೆ ಬಾಬಾಸಾಹೇಬರ ಸಲಹೆಯಂತೆ ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿ ಕೋರ್ಟಿನಲ್ಲಿ ವಾದಿಸೋಣ ಅಂತ ತೀರ್ಮಾನವಾಯಿತು.

ಅವತ್ತು ಕೆಲವರ ಎದೆ ಕುದ್ದಿರಬೇಕು. ನೀರಿನ ಹತ್ತಿರ ಬಂದು ನೀರು ಮುಟ್ಟದೆ ವಾಪಸು ಹೋಗೋದು ಸಣ್ಣ ಮಾತಲ್ಲ. ಆದರೆ ಆ ತೀರ್ಮಾನದ ಬಲ ಏನು ನೋಡಿ. ಅಲ್ಲಿವರೆಗೆ ನಾವೇ ಕೈಕಟ್ಟಿ ನಿಂತು 'ಬುದ್ಧೀ, ನೀರು ಕೊಡಿ' ಅಂತ ಕೇಳಬೇಕಿತ್ತು. ಈಗ ಕಟಕಟೆ ಹತ್ತಬೇಕಾದದ್ದು ರೂಢಿ. ಅನಾದಿ ಕಾಲದಿಂದ ಅನ್ನುತ್ತೀಯಲ್ಲ, ತೋರಿಸು. ಕೆರೆ ನಿನ್ನದು ಅನ್ನುತ್ತೀಯಲ್ಲ, ಪತ್ರ ಎಲ್ಲಿ? ಶಾಸ್ತ್ರ ಹೇಳುತ್ತೆ ಅಂದರೆ ಸಾಲದು, ಸಾಕ್ಷಿ ಬೇಕು.

ಸಾಕ್ಷಿ ಇರಲಿಲ್ಲ. 1931ರಲ್ಲಿ ಕೆಳಕೋರ್ಟಿನಲ್ಲಿ ಸೋತರು. ಅಪೀಲು ಹೋದರು, 1933ರಲ್ಲಿ ಅಲ್ಲೂ ಸೋತರು. ಮುಂಬಯಿ ಹೈಕೋರ್ಟಿಗೆ ಹೋದರು. 1937ರ ಮಾರ್ಚ್ 17ರಂದು ಹೈಕೋರ್ಟು ಹೇಳಿತು: ನೀವು ಹೇಳುವ ಅನಾದಿ ರೂಢಿ ಸಾಬೀತಾಗಿಲ್ಲ. ಮನುವಿನ ಹೆಸರಲ್ಲಿ ನಡೆದುಬಂದ ದಬ್ಬಾಳಿಕೆ ಒಂದು ಸರಳ ಪ್ರಶ್ನೆಗೆ ಉತ್ತರ ಹೇಳಲಾರದೆ ಬಿದ್ದುಹೋಯಿತು.

ಒಂದು ಗುಟುಕು ನೀರಿಗೆ ಹತ್ತು ವರ್ಷದ ವಾದ. ಇದನ್ನು ಮರೆತು ಕೋರ್ಟು ಕಚೇರಿಗಳನ್ನು ಹಾಡಿ ಹೊಗಳಲು ನಾವು ಬಂದಿಲ್ಲ. ಕೆರೆಯ ದಂಡೆಯಲ್ಲಿ ಸಾವಿರಾರು ಜನ ನಿಲ್ಲದೇ ಹೋಗಿದ್ದರೆ ಆ ದಾವೆಯೇ ಹುಟ್ಟುತ್ತಿರಲಿಲ್ಲ. ಜನಬಲ ಇಲ್ಲದ ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳೋಲ್ಲ. ವಾದ ಇಲ್ಲದ ಜನಬಲ ಒಂದು ದಿನದ ಜಾತ್ರೆಯಾಗುತ್ತೆ. ಎರಡೂ ಬೇಕು.

ಮಹಾಡಿನ ಆ ಪ್ರಶ್ನೆ ಅಲ್ಲಿಗೇ ನಿಲ್ಲಲಿಲ್ಲ. 1948ರ ನವೆಂಬರ್ 29ರಂದು ಸಂವಿಧಾನ ಸಭೆ ಅಸ್ಪೃಶ್ಯತೆ ರದ್ದು ಅನ್ನುವ ವಿಧಿಯನ್ನು ಒಪ್ಪಿತು. ಅದೇ ಇವತ್ತಿನ 17ನೇ ವಿಧಿ. ಅದರ ಬೆನ್ನಿಗೆ 1955ರಲ್ಲಿ ಬಂದ ಕಾಯ್ದೆಗೆ 1976ರಿಂದ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಹೆಸರು. ಅದರ 12ನೇ ಕಲಮನ್ನು ನಮ್ಮ ಹುಡುಗರು ಬಾಯಿಪಾಠ ಮಾಡಬೇಕು. ಈ ಕಾಯ್ದೆಯ ಅಪರಾಧವಾಗುವ ಕೃತ್ಯವನ್ನು ಪರಿಶಿಷ್ಟ ಜಾತಿಯವರ ಮೇಲೆ ಎಸಗಿದ್ದು ರುಜುವಾತಾದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸಬೇಕು. ಅಲ್ಲ ಅನ್ನುವವನೇ ಅಲ್ಲ ಅಂತ ಸಾಬೀತು ಮಾಡಬೇಕು. "ಜಾತಿ ನೋಡಿ ಅಲ್ಲ ಕಣಪ್ಪ, ಲೋಟ ಇರಲಿಲ್ಲ ಅಷ್ಟೆ" ಅಂತ ಹೋಟೆಲಿನವನು ಜಾರಿಕೊಳ್ಳುವಂತಿಲ್ಲ. ಮಹಾಡಿನಲ್ಲಿ ತೋರಿಸು ಅಂತ ಕೇಳಿದೆವು. ಈ ಕಲಮಿನಲ್ಲಿ ಕಾನೂನೇ ಹಾಗೆ ಕೇಳುತ್ತೆ. ಆದರೆ ದೂರು ಬರೆಯುವ ಕೈ, ಸಾಕ್ಷಿ ಹೇಳುವ ಬಾಯಿ ನಮ್ಮದೇ ಆಗಬೇಕು.

ಎದುರಿನವರು ಯಾವಾಗಲೂ ವಾದದಿಂದಲೇ ಬರೋಲ್ಲ. 1973ರ ನವೆಂಬರ್‌ನಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ಅದು ಒಂದು ವಾದ. ಬೂಸಾ ಅಲ್ಲ, ಕಾಳು ಅಂತ ತೋರಿಸಬಹುದಿತ್ತು. ತೋರಿಸಿದ್ದು ದೊಣ್ಣೆ, ಕಲ್ಲು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು. ಬಸವಲಿಂಗಪ್ಪನವರ ಮಂತ್ರಿ ಪದವಿ ಹೋಯಿತು. ಆದರೆ ಆ ಏಟು ತಿಂದ ತಲೆಮಾರೇ ಬರೆಯೋಕೆ, ಸಂಘ ಕಟ್ಟೋಕೆ ಎದ್ದಿತು.

ಈಗ ನಮ್ಮ ಕಡೆಗೇ ಬೆರಳು ತೋರಿಸಿಕೊಳ್ಳೋಣ. ನಮ್ಮ ಸಭೆಗಳಲ್ಲಿ ಒಬ್ಬ ಬೇರೆ ಮಾತಾಡಿದರೆ "ಇವನು ಅವರ ಕಡೆಯವನು" ಅಂತ ನಾವೂ ಬಾಯಿ ಮುಚ್ಚಿಸುತ್ತೇವೆ. ನಮ್ಮ ಅಕ್ಕತಂಗಿಯರು ಎದ್ದುನಿಂತರೆ "ಕೂತ್ಕಳಮ್ಮ" ಅನ್ನುತ್ತೇವೆ. ಊರ ಗೌಡನ ಮಾತು ನಮ್ಮ ಬಾಯಿಗೆ ಬಂದು ಕೂತಿದೆಯಲ್ಲ!

ಸಂವಿಧಾನ ಸಭೆಯಲ್ಲಿ ಒಬ್ಬರೇ ಒಬ್ಬರು ದಲಿತ ಮಹಿಳೆ ಇದ್ದರು, ಕೇರಳದ ದಾಕ್ಷಾಯಣಿ ವೇಲಾಯುಧನ್. ಬಾಬಾಸಾಹೇಬರು ಮಂಡಿಸಿದ ಕರಡನ್ನು 1948ರ ನವೆಂಬರ್‌ನಲ್ಲಿ ಅವರೆದುರೇ ಟೀಕಿಸಿದರು. ಇದರಲ್ಲಿ ಹೊಸ ತತ್ವ ಕಾಣುತ್ತಿಲ್ಲ, ಅಧಿಕಾರ ಕೇಂದ್ರದಲ್ಲೇ ಗುಡ್ಡೆ ಬಿದ್ದಿದೆ ಅನ್ನುವ ಅರ್ಥದಲ್ಲಿ ಮಾತಾಡಿದರು. ಆಕೆಯನ್ನು ಯಾರೂ ದ್ರೋಹಿ ಅನ್ನಲಿಲ್ಲ. ಆ ಕರಡಿನ ಮೇಲೆ 2,473 ತಿದ್ದುಪಡಿಗಳು ಸಭೆಯ ಮುಂದೆ ಬಂದವು. 1949ರ ನವೆಂಬರ್ 25ರ ಕೊನೆಯ ಭಾಷಣದಲ್ಲಿ ಬಾಬಾಸಾಹೇಬರು, ಭಿನ್ನಮತ ಹೇಳಿದವರು ಇರದಿದ್ದರೆ ಸಭೆ ಸಪ್ಪೆಯಾಗುತ್ತಿತ್ತು ಅಂತ ಅವರನ್ನು ನೆನೆದರು. ರಾಜಕೀಯದಲ್ಲಿ ವ್ಯಕ್ತಿಭಕ್ತಿ ಸರ್ವಾಧಿಕಾರಕ್ಕೆ ದಾರಿ ಅಂತಲೂ ಎಚ್ಚರಿಸಿದರು. ಅವರ ಪಟಕ್ಕೆ ಹಾರ ಹಾಕಿ, ಅವರು ಕಲಿಸಿದ ವಾದವನ್ನು ಮೂಲೆಗೆ ಹಾಕಿದರೆ ನಾವು ಇನ್ನೊಂದು ಗುಡಿ ಕಟ್ಟಿದಂತೆ.

ಆದ್ದರಿಂದ ಒಂದು ಕೆಲಸ ಮಾಡೋಣ. ಪ್ರತಿ ಶನಿವಾರ ರಾತ್ರಿ ಊಟ ಆದಮೇಲೆ ಹಾಸ್ಟೆಲಿನಲ್ಲಿ ಒಂದು ಗಂಟೆ ಕೂರೋಣ. ಒಂದು ವಿಷಯ: ಮೀಸಲಾತಿ, ಭೂಮಿ, ಊಟದ ಸಾರು, ಯಾವುದಾದರೂ ಸರಿ. ಒಬ್ಬ ಪರ, ಒಬ್ಬ ವಿರೋಧ. ಎದುರಾಳಿಯ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳೋದನ್ನ ಕಲಿಯೋಣ, ಆಮೇಲೆ ಅದನ್ನು ಮುರಿಯೋಣ. ಸರ್ಕಾರಿ ಆದೇಶದ ನಂಬರು, ತಾರೀಖು ಬರೆದಿಟ್ಟುಕೊಳ್ಳೋಣ. ಅರ್ಜಿ ಕೊಟ್ಟರೆ ನಕಲಿಗೆ ಸೀಲು ಹಾಕಿಸಿಕೊಂಡೇ ಬರೋಣ. ಬೈಗುಳ ಗಾಳಿಗೆ ಹೋಗುತ್ತೆ, ಕಾಗದ ಉಳಿಯುತ್ತೆ.

ರಜೆಗೆ ಊರಿಗೆ ಹೋದಾಗ ಅವ್ವ ಮತ್ತೆ ಹೇಳುತ್ತಾಳೆ: "ಎದುರು ಮಾತಾಡಬ್ಯಾಡ ಮಗ." ಅವಳ ಭಯ ಸುಳ್ಳಲ್ಲ. ಅವಳನ್ನು ಗದರಬೇಡಿ. ಪಕ್ಕದಲ್ಲಿ ಕೂತು ಚವದಾರ್ ಕೆರೆಯ ಕತೆ ಹೇಳಿ. ಕೇಳಿದ ಮೇಲೆ ಅವಳೂ ಒಂದು ಪ್ರಶ್ನೆ ಕೇಳುತ್ತಾಳೆ. ಅಲ್ಲಿಂದ ಶುರು.

ಜೈ ಭೀಮ್.