ಸೀಮೆಸುಣ್ಣ ಉಜ್ಜಿದ ಬಟ್ಟೆ ಮತ್ತು ‘ಡಿಯರ್ ಕ್ಯಾಂಡಿಡೇಟ್’

ಕಳೆದ ವಾರ ನಂಗೊಂದು ಇಮೇಲ್ ಬಂತು. ‘ಡಿಯರ್ ಕ್ಯಾಂಡಿಡೇಟ್’ ಅಂತ ಶುರು. ಮುಂದೆ ಏನಿರುತ್ತೆ ಅಂತ ಕೆಲಸ ಹುಡುಕಿದವರಿಗೆಲ್ಲ ಗೊತ್ತು, ಬಿಡಿ. ಮೂರು ರೌಂಡ್ ಇಂಟರ್‌ವ್ಯೂ ಆದ್ಮೇಲೂ ನನ್ನ ಹೆಸರು ಹಾಕೋ ತಾಳ್ಮೆ ಅವರಿಗಿರಲಿಲ್ಲ. ಸಿಟ್ಟಲ್ಲಿ ಆ ‘ಕ್ಯಾಂಡಿಡೇಟ್’ ಪದದ ಬೆನ್ನು ಹತ್ತಿದೆ. ಅದು ಸೀದಾ ಹಳೇ ರೋಮ್‌ಗೆ ಕರ್ಕೊಂಡು ಹೋಯ್ತು.

ಲ್ಯಾಟಿನ್‌ನಲ್ಲಿ ‘ಕಾಂಡಿಡುಸ್’ ಅಂದ್ರೆ ಬೆಳ್ಳಗೆ ಹೊಳೆಯುವ. ‘ಕಾಂಡಿಡಾಟುಸ್’ ಅಂದ್ರೆ ಬಿಳಿ ಬಟ್ಟೆ ತೊಟ್ಟವನು. ರೋಮನ್ ಗಂಡಸರು ಮೈಗೆ ಸುತ್ತಿಕೊಳ್ಳುತ್ತಿದ್ದ ಟೋಗಾ ಉಣ್ಣೆಯದು. ಚುನಾವಣೆಗೆ ನಿಂತವನು ಅದಕ್ಕೆ ಸೀಮೆಸುಣ್ಣ ಉಜ್ಜಿ, ಇನ್ನಷ್ಟು ಬೆಳ್ಳಗೆ ಮಾಡ್ಕೊಂಡು ಊರಿನ ಚೌಕಕ್ಕೆ ಬರ್ತಿದ್ದ. ಗುಂಪಲ್ಲಿ ಎದ್ದು ಕಾಣಬೇಕಲ್ಲ! ಹಳೇ ಕಾಲದಲ್ಲಿ ಒಳಂಗಿಯನ್ನೂ ಹಾಕದೆ ಬರ್ತಿದ್ರಂತೆ. ಯುದ್ಧದ ಗಾಯದ ಕಲೆಗಳು ಕಾಣಲಿ ಅಂತ ಇರಬಹುದು ಅಂತಾನೆ ಪ್ಲುಟಾರ್ಕ್. ಆ ಕಾಲದ ರೆಸ್ಯೂಮೆ ಅನ್ನಿ. ಪಕ್ಕದಲ್ಲೊಬ್ಬ ಗುಲಾಮ, ಎದುರು ಬರೋರ ಹೆಸರನ್ನ ಕಿವಿಯಲ್ಲಿ ಉಸುರೋದೇ ಅವನ ಕೆಲಸ. ನೋಡಿ, ನಾಟಕಕ್ಕಾದ್ರೂ ಹೆಸರು ಹಿಡಿದು ಮಾತಾಡಿಸಬೇಕು ಅಂತ ಅವರಿಗೆ ಗೊತ್ತಿತ್ತು.

ಹೀಗೆ ಸುತ್ತಾಡಿ ಮತ ಕೇಳೋದಕ್ಕೆ ‘ಆಂಬಿಟಿಯೊ’ ಅಂತಿದ್ರು. ‘ಆಂಬಿಷನ್’ ಹುಟ್ಟಿದ್ದು ಅಲ್ಲಿಂದ.

ಈ ಬಿಳುಪಿನ ಬಗ್ಗೆ ರೋಮನ್ನರಿಗೂ ತಕರಾರಿತ್ತು. ಮತ ಕೇಳಲು ಬಟ್ಟೆಗೆ ಬಿಳಿ ಹಚ್ಚಬಾರದು ಅಂತ ಕ್ರಿ.ಪೂ. 432ರಲ್ಲೇ ಕಾನೂನು ತಂದರು ಎಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಯಾರು ಕೇಳ್ತಾರೆ? ಕ್ರಿ.ಪೂ. 64ರಲ್ಲಿ ಸಿಸೆರೊ, ಕಾನ್ಸಲ್ ಅನ್ನೋ ದೊಡ್ಡ ಹುದ್ದೆಗೆ ನಿಂತಾಗ ಎದುರಾಳಿಗಳನ್ನ ಜಾಡಿಸಿದ ಭಾಷಣದ ಹೆಸರೇ ‘ಬಿಳಿ ಟೋಗಾದಲ್ಲಿ’.

ಇಂಗ್ಲಿಷ್‌ನ ‘ಕ್ಯಾಂಡಿಡ್’ ಕೂಡ ಅದೇ ಬೇರಿನದು. ಮೊದಲು ಬಿಳಿ, ಆಮೇಲೆ ಮುಚ್ಚುಮರೆ ಇಲ್ಲದ ಅನ್ನೋ ಅರ್ಥ. ಸೀಮೆಸುಣ್ಣದ ಕಥೆ ಗೊತ್ತಾದ್ಮೇಲೆ ನಂಗೆ ಇದು ನಗು ತರಿಸುತ್ತೆ. ಇನ್ನೂ ಹಿಂದೆ ಹೋದ್ರೆ, ಸಂಸ್ಕೃತದಿಂದ ನಮಗೆ ಬಂದ ‘ಚಂದ್ರ’ನೂ ಇದೇ ಮನೆತನ. ಹೊಳೆಯೋನು!

ನಮ್ಮ ‘ಅಭ್ಯರ್ಥಿ’ಗೆ ಮಾತ್ರ ಬಟ್ಟೆಯ ಗೊಡವೆ ಇಲ್ಲ. ಬೇಡಿಕೊಳ್ಳುವವನು, ಅಷ್ಟೇ. ಲ್ಯಾಟಿನ್‌ನಲ್ಲೂ ಅದೇ ಅರ್ಥದ ‘ಪೆಟಿಟೊರ್’ ಅನ್ನೋ ಪದ ಇತ್ತು. ಆದ್ರೆ ಇಂಗ್ಲಿಷ್ ಇದಕ್ಕೆ ಎತ್ತಿಕೊಂಡಿದ್ದು ಬಟ್ಟೆಯ ಪದವನ್ನ.

ಅಂದ ಹಾಗೆ, ಆ ಇಂಟರ್‌ವ್ಯೂಗೆ ನಾನು ಹಾಕ್ಕೊಂಡು ಹೋಗಿದ್ದೂ ಗರಿಗರಿ ಇಸ್ತ್ರಿಯ ಬಿಳಿ ಶರ್ಟೇ. ನಾಳೆ ಇನ್ನೊಂದು ಕಡೆ ಇದೆ. ಅದೇ ಶರ್ಟು.